ತುಳಸಿಯ ವಯಸ್ಸು ಕೇಳಿದ ರಾಯರು
ಆರ್ಥಿಕ ಹಿಂಜರಿತದಲ್ಲಿ ಎಂಜಿನಿಯರ್ ಕೆಲಸ ಕಳೆದುಕೊಂಡು ದೇವಸ್ಥಾನದ ಮದುವೆ ನೋಂದಣಿಯ ಸೇವೆಗೆ ಕುಳಿತ, ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್‌ನ ಶ್ಯಾಮರಾಯರಿಗೆ, ಹದಿನೆಂಟು ತುಂಬದವರ ವಿವಾಹಕ್ಕೆ ಇಲಿನಾಯ್ ರಾಜ್ಯದಲ್ಲಿ ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕೆಂಬ ನಿಯಮವೇ ನಿತ್ಯಪಾರಾಯಣ. ಷಷ್ಟ್ಯಬ್ದಿಯ ಮರುಮದುವೆಗೆ ಬಂದ ದಂಪತಿಗಳನ್ನೂ ಅವರು, "ಅಪ್ಪ ಅಮ್ಮ ಸೈನ್ ಹಾಕಿದಾರಾ?" ಎಂದು ಕೇಳದೆ ಬಿಟ್ಟವರಲ್ಲ. ತುಳಸೀವಿವಾಹದಂದು ಕುಂಡದಲ್ಲಿದ್ದ ವಧುವಿಗೆ ಎಂಟೇ ತಿಂಗಳೆಂದು ತಿಳಿದಾಗಲಂತೂ ಮಂಗಳವಾದ್ಯವನ್ನೇ ತಡೆದು, "ಗಾರ್ಡಿಯನ್ ಯಾರ್ರೀ?" ಎಂದು ಗರ್ಜಿಸಿದರು. "ದಿನಾ ನೀರು ಹಾಕೋಳು ನಾನೇ ಕಣ್ರೀ," ಎಂದು ಅವರ ಮಡದಿ ಅಂಬುಜಮ್ಮನವರು ಮುಂದೆ ಬಂದರು. "ನಮ್ಮ ಮದ್ವೇಲಿ ನಂಗೂ ಹದಿನೆಂಟು ತುಂಬಿರ್ಲಿಲ್ಲ, ಹದಿನಾರೇ. ಅಪ್ಪ ಅಮ್ಮ ಇಬ್ರೂ ಒಪ್ಪಿದ್ರು. ನನ್ನನ್ನ ಯಾರು ಕೇಳಿದ್ರು?" ಅಂದಿನಿಂದ ಅರ್ಜಿಯಲ್ಲಿ ವಧುವಿನ ಒಪ್ಪಿಗೆಗೊಂದು ಸಾಲು ರಾಯರ ಕೈಬರಹದಲ್ಲೇ ಸೇರಿಕೊಂಡಿತು. ಮೊದಲ ಪ್ರತಿಯನ್ನು ಅವರು, ನಲವತ್ತು ವರ್ಷ ತಡವಾಗಿ, ಮಡದಿಯ ಮುಂದಿಟ್ಟರು. "ಇಡ್ರೀ ಅಲ್ಲಿ, ಯೋಚಿಸಿ ಹೇಳ್ತೀನಿ," ಎಂದರು ಅಂಬುಜಮ್ಮ. ಪೆನ್ನಿನ ಮುಚ್ಚಳ ತೆಗೆದು ರಾಯರು ಇನ್ನೂ ಕಾಯುತ್ತಿದ್ದಾರೆ.