ಅನುಮಾನಪ್ಪನ ಎಡಗೈಗೆ ಬೆಲೆ ಕಟ್ಟಿದ್ದು

ಆ ಗಾರೆ ಮೇಸ್ತ್ರಿಯನ್ನು ಜೊತೆಯವರೆಲ್ಲ ಅನುಮಾನಪ್ಪ ಎಂದೇ ಕರೆಯುತ್ತಿದ್ದರು. ಸಿಮೆಂಟ್ ಚೀಲ ಬಂದರೆ ಮೂಸಿ ನೋಡುವವನು. ತೂಗುಗುಂಡು ಗೋಡೆ ನೇರವಿದೆ ಎಂದರೆ ಗುಂಡಿನ ದಾರವನ್ನೇ ಅನುಮಾನಿಸುವವನು. ಇಂಥ ಮಹಾಶಯ ಒಂದು ದಿನ ಎತ್ತರದಲ್ಲಿ ನಿಂತು ಗಾರೆ ಮಾಡುವಾಗ ಕಾಲಡಿಯ ಹಲಗೆಯನ್ನು ನಂಬಿಬಿಟ್ಟ. ಅದು ಮುರಿಯಿತು. ಮರಳಿನ ಗುಡ್ಡೆಯ ಮೇಲೆ ಬಿದ್ದ ವೀರನ ಪ್ರಾಣ ಉಳಿಯಿತು, ಎಡ ಭುಜ ಮಾತ್ರ ಮುಷ್ಕರ ಹೂಡಿತು. ಕೈ ಎದೆಮಟ್ಟಕ್ಕೆ ಏರುತ್ತಿತ್ತು. ಅದರಾಚೆ ಜಪ್ಪಯ್ಯ ಅಂದರೂ ಇಲ್ಲ.

ಪರಿಹಾರದ ಯುದ್ಧ ಶುರುವಾಯಿತು. ವಿಮಾ ಕಂಪನಿಯವನು ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು ತೊಟ್ಟು ಮನೆಗೆ ಬಂದ. ಬಿದ್ದದ್ದು ಹೇಗೆಂದು ಬರೆದುಕೊಂಡು ಸಹಿ ಕೇಳಿದ. ಅನುಮಾನಪ್ಪ ಕಾಗದವನ್ನು ಬೆಳಕಿಗೆ ಹಿಡಿದ, ಹಿಂದೆ ಮುಂದೆ ತಿರುಗಿಸಿದ, ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಎಳೆದ, ಆತನ ಪೆನ್ನನ್ನು ತಿರಸ್ಕರಿಸಿ ತನ್ನದೇ ಪೆನ್ನಿನಲ್ಲಿ ಸಹಿ ಹಾಕಿದ. ಕೋಟೆ ಭದ್ರವಾಯಿತೆಂದು ಮೀಸೆ ತಿರುವಿದ.

ಕೆಲವು ದಿನ ಕಳೆದು ಅದೇ ಆಸಾಮಿ ಮೊತ್ತ ಹೊತ್ತು ಬಂದ. ಆ ಮೊತ್ತದಲ್ಲಿ ಮೇಸ್ತ್ರಿ ತೆರೆಯಬೇಕೆಂದುಕೊಂಡಿದ್ದ ಬಣ್ಣದಂಗಡಿ ಹಾಗಿರಲಿ, ಅದರ ಬಾಗಿಲೂ ಬರುತ್ತಿರಲಿಲ್ಲ. ಮುಂದಿನ ಬದುಕೆಲ್ಲ ನಿಂತಿದ್ದು ಆ ಅಂಗಡಿಯ ಮೇಲೆ.

"ಇಷ್ಟೇನಾ?"

"ನೋಡಿ ಮೇಸ್ತ್ರಿಗಳೇ, ಕೈಯ ಮೂರನೇ ಒಂದು ಪಾಲು ಹೋಗಿದೆ ಅಂತ ಡಾಕ್ಟರು ಬರೆದಿದ್ದಾರೆ. ದುಡಿಮೆ ಎಷ್ಟು ಹೋಯ್ತು ಅನ್ನೋದು ಬೇರೆ ಲೆಕ್ಕ. ಗಾರೆ ಮೆತ್ತೋ ಕರಣೆ ಬೀಸೋ ನಿಮ್ಮ ಬಲಗೈ ಗಟ್ಟಿಮುಟ್ಟಾಗಿದೆ. ಹೋಗಿರೋದು ಸುಮ್ಮನೆ ಗಾರೆ ಹಲಗೆ ಹಿಡಿಯೋ ಕೈ."

"ಕರಣೆ ಬಲಗೈಲಿ ಅಂತ ಯಾರು ಹೇಳಿದ್ದು?"

"ನೀವೇ ಬಲಗೈಲಿ ಸಹಿ ಹಾಕಿದ್ರಲ್ಲ, ನನ್ನ ಕಣ್ಣೆದುರೇ!"

ಅನುಮಾನಪ್ಪ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಅವನು ಹುಟ್ಟು ಎಡಚ. ಶಾಲೆಯಲ್ಲಿ ಮೇಷ್ಟ್ರ ಬೆತ್ತಕ್ಕೆ ಹೆದರಿ ಅಕ್ಷರವನ್ನಷ್ಟೇ ಬಲಗೈಗೆ ಬಿಟ್ಟುಕೊಟ್ಟಿದ್ದ. ಕರಣೆ ಕಲಿಸಿದ ಮಾವನಿಗೆ ಬೆತ್ತ ಇರಲಿಲ್ಲ, ಅದು ಎಡಗೈಯಲ್ಲೇ ಉಳಿಯಿತು.

ಹೆಂಡತಿ ಒಳಗಿನಿಂದಲೇ ಹಾಡಿದಳು: "ಲೋಕಾನೆಲ್ಲ ಅನುಮಾನಿಸಿದ್ರಿ. ನಿಮ್ಮ ಬಲಗೈನ ಒಂದ್ಸಲ ಅನುಮಾನಿಸಬಾರದಿತ್ತೇನ್ರೀ?"

ಅವನು ಮೊತ್ತವನ್ನು ಒಪ್ಪಲಿಲ್ಲ. ವಿಷಯ ಕಾರ್ಮಿಕ ಅಧಿಕಾರಿಯ ಮೇಜಿಗೆ ಹೋಯಿತು. ಕಂಪನಿಯವರು ಸಾಕ್ಷಿಗೆ ಹಿಡಿದು ತಂದದ್ದು ಯಾರನ್ನು? ಗೊಣಗಪ್ಪನನ್ನು! ವರ್ಷಗಟ್ಟಲೆ ಒಂದೇ ಹಲಗೆಯ ಮೇಲೆ ಪಕ್ಕದಲ್ಲಿ ನಿಂತು ಗಾರೆ ಮಾಡಿದವನು, ಅಷ್ಟೂ ವರ್ಷ ಅನುಮಾನಪ್ಪನನ್ನು ಬೈದವನು. ವಿಚಾರಣೆಯ ದಿನ ಆತ ಕಚೇರಿಯ ಎದುರು ಇಸ್ತ್ರಿ ಅಂಗಿಯವನ ಖರ್ಚಿನಲ್ಲಿ ಬನ್ನು ಅಗಿಯುತ್ತಿದ್ದ. 'ಒಂದು ಬನ್ನಿಗೆ ಮಾರಿಕೊಂಡನಲ್ಲ' ಎಂದು ಅನುಮಾನಪ್ಪನ ಹೊಟ್ಟೆ ಉರಿಯಿತು. ನೋಡುನೋಡುತ್ತಲೇ ಎರಡನೆಯ ಬನ್ನು ಬಂತು.

ಒಳಗೆ ಕಂಪನಿಯ ವಕೀಲ ಅನುಮಾನಪ್ಪನತ್ತ ಬೆರಳು ತೋರಿಸಿ ಗೊಣಗಪ್ಪನನ್ನು ಕೇಳಿದ. "ಈ ಮನುಷ್ಯನ ಕೆಲಸ ಹೇಗೆ? ಭಯ ಬೇಡ, ಇದ್ದದ್ದು ಹೇಳಿ."

"ಇವನ ಪಕ್ಕ ಕೆಲಸ ಮಾಡೋದು ನರಕ, ಸ್ವಾಮಿ."

ವಕೀಲನ ಮುಖ ಅರಳಿತು. "ಹೌದಾ? ಯಾಕೆ?"

"ಎಡಚ ನನ್ಮಗ! ನಾನು ಬಲಗೈಲಿ ಕರಣೆ ಬೀಸ್ತೀನಿ, ಇವನು ಎಡಗೈಲಿ. ಇವನೇನಾದ್ರೂ ನನ್ನ ಬಲಕ್ಕೆ ನಿಂತ ಅಂದ್ರೆ ಮೊಣಕೈಗೆ ಮೊಣಕೈ ಢೀ! ಪಕ್ಕೆ ಹಣ್ಣಾಗೋದು. ಅದಕ್ಕೇ ಹಲಗೆಯ ಎಡತುದಿ ಯಾವಾಗಲೂ ಇವನಿಗೆ. ನೋಡಿ ಬೇಕಾದ್ರೆ..." ಎಂದು ಗೊಣಗಪ್ಪ ಅಂಗಿ ಎತ್ತಲು ಹೊರಟ.

"ಅಂಗಿ ಬೇಡ," ಎಂದರು ಅಧಿಕಾರಿ ಮೇಡಂ. ಮೇಸ್ತ್ರಿಯ ಕಡೆ ತಿರುಗಿ, "ಕೈ ಎತ್ತಿ ನೋಡೋಣ," ಎಂದರು. ಎಡಗೈ ಎದೆಮಟ್ಟಕ್ಕೆ ಬಂದು ನಿಂತಿತು.

"ವಕೀಲರೇ, ಹೋಗಿರೋದು ಕರಣೆ ಕೈ. ಎದೆಮಟ್ಟಕ್ಕೇ ನಿಲ್ಲೋ ಗೋಡೆ ಎಲ್ಲಾದರೂ ನೋಡಿದ್ದೀರಾ? ಮೂರನೇ ಒಂದು ಪಾಲು ಅನ್ನೋದು ಡಾಕ್ಟರ ಲೆಕ್ಕ. ಗಾರೆ ಕೆಲಸ ಪೂರ್ತಿ ಹೋಗಿದೆ, ಬೆಲೆ ಅದಕ್ಕೆ ಕಟ್ಟಬೇಕು."

ಹೊರಗೆ ಬಂದೊಡನೆ ಅನುಮಾನಪ್ಪ ತನ್ನನ್ನು ಕಾಪಾಡಿದವನ ಕೊರಳಪಟ್ಟಿಗೆ ಕೈ ಹಾಕಿದ. "ಏನೋ ನಿನ್ನ ಆಟ? ಅವರ ಬನ್ನು ತಿಂದು ನನ್ನ ಕಡೆ ಮಾತಾಡಿದ್ಯಲ್ಲ?"

"ಬನ್ನು ಕೊಟ್ರು, ತಿಂದೆ. ಕೇಳಿದ್ರು, ಹೇಳಿದೆ. ಇದರಲ್ಲಿ ಆಟ ಎಲ್ಲಿಂದ ಬಂತೋ?"

"ಎಡತುದಿಗೆ ಈಗ ಯಾರು?"

"ಯಾವನೋ ಬಲಗೈಯವನು. ಪಕ್ಕೆ ಹಾಯಾಗಿದೆ," ಎಂದ ಗೊಣಗಪ್ಪ. ಪಕ್ಕೆ ತಡವಿಕೊಂಡು, "ದರಿದ್ರದವನು, ಬೈದರೆ ತಿರುಗಿ ಬೈಯೋದೂ ಇಲ್ಲ," ಎಂದ.

ಪರಿಹಾರ ಬಂತು, ಬಣ್ಣದಂಗಡಿ ತೆರೆಯಿತು. ಮೊದಲ ಗಿರಾಕಿಯಾಗಿ ಗೊಣಗಪ್ಪನೇ ಬಂದು ಒಂದು ಬ್ರಶ್ ಕೊಂಡ. ಅನುಮಾನಪ್ಪ ಅವನ ನೋಟನ್ನು ಬೆಳಕಿಗೆ ಹಿಡಿಯಲು ಎಡಗೈ ಎತ್ತಿದ. ಅದು ಎದೆಮಟ್ಟದಲ್ಲೇ ನಿಂತಿತು. ನೋಟನ್ನು ಬಲಗೈಗೆ ದಾಟಿಸಿ ಎತ್ತರಕ್ಕೆ ಹಿಡಿದು ಕಣ್ಣು ಕಿರಿದು ಮಾಡಿದ.

"ಹುಷಾರು ಕಣೋ," ಎಂದ ಗೊಣಗಪ್ಪ, "ಅದು ಸಹಿ ಹಾಕೋ ಕೈ."