ಏಳನೇ ಸ್ಟೇಷನ್

ಹೊಸ ಮೆಷಿನ್ನಿನ ಕೆಲಸ ಕಲಿಯಲು ಹೊಸೂರಿನ ಫ್ಯಾಕ್ಟರಿಯವರು ನನ್ನನ್ನು ಮೂರು ತಿಂಗಳು ಟೋಕಿಯೋಗೆ ಕಳಿಸಿದ್ದರು. ಎರಡು ಸಾವಿರದ ಐದೋ ಆರೋ ಇರಬೇಕು. ಭಾನುವಾರ ಒಂದೇ ರಜ. ಅವತ್ತು ಸಂಜೆ ಅಲ್ಲಿಯ ನಾಲ್ಕು ಗಂಟೆಗೆ ಮನೆಗೆ ಫೋನ್ ಮಾಡುತ್ತಿದ್ದೆ. ಹೆಂಡತಿ ಮಾತಾಡುತ್ತಿದ್ದಳು. ಅವ್ವ ಮಾತ್ರ ಫೋನಿನ ಹತ್ತಿರ ಬರುತ್ತಿರಲಿಲ್ಲ. "ಅತ್ತೆ ಬಟ್ಟೆ ಒಗೀತಾವ್ರೆ" ಎನ್ನುತ್ತಿದ್ದಳು ಹೆಂಡತಿ. ನಾಲ್ಕು ಭಾನುವಾರವೂ ಅವ್ವ ಬಟ್ಟೆ ಒಗೆದದ್ದೇ ಆಯಿತು.

ತಪ್ಪು ನನ್ನದೇ. ನಾನು ಹೊರಡುವ ವಾರ, ಬೇರಿಕೆಯಲ್ಲಿದ್ದ ತನ್ನ ತಮ್ಮನ ಮನೆಗೆಂದು ಹೊರಟ ಅವ್ವ ಜವಳಗಿರಿ ಬಸ್ಸು ಹತ್ತಿಬಿಟ್ಟಿದ್ದಳು. ಅವಳಿಗೆ ಓದಲು ಬರುವುದು ಕನ್ನಡ, ಹೊಸೂರು ತಮಿಳುನಾಡಿನದಾದ್ದರಿಂದ ಬಸ್ಸಿನ ಬೋರ್ಡು ತಮಿಳು. ಬಸ್ಸು ನಿಲ್ಲುವ ಜಾಗ ನೋಡಿಕೊಂಡೇ ಅವಳು ಹತ್ತುತ್ತಿದ್ದದ್ದು. ಅವತ್ತು ಜಾಗ ಬದಲಾಗಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಸುದ್ದಿ ತಿಳಿದು ಜವಳಗಿರಿಗೆ ಬೈಕಿನಲ್ಲಿ ಹೋಗಿ, ಸ್ಟಾಪಿನಲ್ಲಿದ್ದ ಹತ್ತು ಜನರ ಎದುರಿಗೇ ಕೂಗಾಡಿದೆ.

"ಓದಕ್ಕೆ ಬರ್ದಿದ್ರೆ ಮನೇಲಿ ಬಿದ್ದಿರ್ಬೇಕು. ಯಾಕವ್ವ ನನ್ ಪ್ರಾಣ ತಿಂತೀಯ?"

ಅವಳು ಸೆರಗು ಸರಿಮಾಡಿಕೊಂಡು ಬೈಕು ಹತ್ತಿದಳು. ಅಲ್ಲಿಂದೀಚೆಗೆ ನನ್ನ ಜೊತೆ ಮಾತಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೆ?

ಐದನೇ ಭಾನುವಾರ, ದಿನವಿಡೀ ಓಡಾಡುವ ಒಂದು ಟಿಕೆಟ್ಟು ತೆಗೆದುಕೊಂಡು ನೆಲದಡಿಯ ರೈಲು ಹತ್ತಿದೆ. ಇಂಥಲ್ಲಿಗೆ ಅಂತ ಇರಲಿಲ್ಲ. ಮನಸ್ಸು ಬಂದ ಕಡೆ ಇಳಿಯುವುದು, ಮೆಟ್ಟಿಲು ಹತ್ತಿ ಮೇಲೆ ಬಂದು ನೋಡುವುದು. ಒಂದು ಕಡೆ ಬೀದಿಯುದ್ದಕ್ಕೂ ಹಳೇ ಪುಸ್ತಕದ ಅಂಗಡಿ. ಇನ್ನೊಂದು ಕಡೆ ಪಾರ್ಕಿನ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದೆ. ರೈಲಿನೊಳಗೆ ಜನ ನಿಂತೇ ನಿದ್ದೆ ಮಾಡಿ, ತಮ್ಮ ಸ್ಟೇಷನ್ನಿಗೆ ಸರಿಯಾಗಿ ಕಣ್ಣು ಬಿಡುತ್ತಿದ್ದರು. ಅದನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ವಾಪಸ್ಸು ಹೊರಟೆ. ನಾನು ಉಳಿದಿದ್ದ ಹಾಸ್ಟೆಲ್ಲಿನ ಸ್ಟೇಷನ್ನು ಅಲ್ಲಿಂದ ಏಳನೆಯದು ಎಂದು ನಕ್ಷೆಯಲ್ಲಿ ಎಣಿಸಿಕೊಂಡಿದ್ದೆ. ಹೆಸರುಗಳು ನಾಲಿಗೆಗೆ ಹತ್ತುತ್ತಿರಲಿಲ್ಲ, ಬೆರಳು ಮಡಚುತ್ತಾ ಕೂತೆ. ಮೂರನೇ ಬೆರಳಿನ ನಂತರ ರೈಲು ನಿಲ್ಲಲೇ ಇಲ್ಲ. ನೆಲದಿಂದ ಮೇಲೆ ಬಂತು, ದೊಡ್ಡ ಹೊಳೆ ದಾಟಿತು, ಸ್ಟೇಷನ್ನಿನ ಮೇಲೆ ಸ್ಟೇಷನ್ನು ಬಿಟ್ಟು ಓಡಿತು. ಅದು ಚಿಕ್ಕ ಸ್ಟೇಷನ್ನುಗಳಲ್ಲಿ ನಿಲ್ಲದ ರೈಲು. ಹಾಗಂತ ಅದರ ಹಣೆಯ ಮೇಲೆ ಜಪಾನಿಯಲ್ಲಿ ಬರೆದೇ ಇತ್ತು. ಓದಲು ನನಗೆ ಬರಬೇಕಲ್ಲ.

ರೈಲು ನಿಂತ ಕಡೆ ಇಳಿದೆ. ನಾಲ್ಕಕ್ಕೆ ಫೋನ್ ಬರದಿದ್ದರೆ ಮನೆಯಲ್ಲಿ ಗಾಬರಿಯಾಗುತ್ತಾರೆ. ಈರುಳ್ಳಿ ಸೊಪ್ಪಿನ ಚೀಲ ಹಿಡಿದಿದ್ದ ಒಬ್ಬ ಮುದುಕಿಗೆ ಹಾಸ್ಟೆಲ್ಲಿನ ವಿಳಾಸದ ಚೀಟಿ ತೋರಿಸಿದೆ. ಅವಳು ಓದಿದಳು, ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಇಳಿಸಿ ಆಚೆ ಪ್ಲಾಟ್‌ಫಾರಂಗೆ ಕರೆದೊಯ್ದಳು. ಮೊದಲು ಬಂದ ರೈಲಿಗೆ ಹತ್ತಲು ಬಿಡಲಿಲ್ಲ. ಎರಡನೆಯದಕ್ಕೆ ಹತ್ತಿಸಿ, ಬಾಗಿಲು ಮುಚ್ಚಿದ ಮೇಲೂ ಗಾಜಿನಾಚೆಯಿಂದ, ಮೂರನೇ ಸ್ಟೇಷನ್ನಿಗೆ ಇಳಿ ಎಂಬಂತೆ, ಮೂರು ಬೆರಳು ತೋರಿಸುತ್ತಲೇ ಇದ್ದಳು.

ಜವಳಗಿರಿಯ ಸ್ಟಾಪಿನಲ್ಲಿ ಗೊತ್ತಿಲ್ಲದ ಜನರ ನಡುವೆ ಅವ್ವ ಒಬ್ಬಳೇ ಕೂತಿದ್ದದ್ದು ಆಗ ಕಣ್ಣಿಗೆ ಕಟ್ಟಿತು. ನಾಚಿಕೆಯಾಯಿತು, ಅಳು ಬಂತು.

ಫೋನ್ ಮಾಡಿದಾಗ ನಾಲ್ಕೂವರೆ.

"ಯಾಕ್ ಇಷ್ಟೊತ್ತು?" ಎಂದಳು ಹೆಂಡತಿ.

"ತಪ್ಪು ರೈಲು ಹತ್ಬುಟ್ಟೆ ಕಣೆ. ಬೋರ್ಡು ಓದಕ್ಕೆ ಬರ್ಲಿಲ್ಲ. ಅವ್ವಂಗೂ ಹೇಳು."

ಅವಳು ಹೇಳಿದ್ದು ಕೇಳಿಸಿತು. ಫೋನು ಕೈ ಬದಲಾಯಿತು. ಮತ್ತೆ ಬಂದದ್ದು ಅವ್ವನ ದನಿ.

"ಯಾರಾನಾ ಬೈದ್ರೇನ್ಲಾ?"

ಕೊಂಕಿರಲಿಲ್ಲ ಅದರಲ್ಲಿ. ನಿಜವಾಗಿಯೂ ಹೆದರಿ ಕೇಳಿದ್ದಳು.

"ಇಲ್ಲವ್ವ. ಒಬ್ಬಜ್ಜಿ ಕೈ ಹಿಡ್ಕೊಂಡೋಗಿ ಹತ್ತಿಸ್ತು. ಯಾರೂ ಒಂದ್ ಮಾತ್ ಅನ್ಲಿಲ್ಲ."

"ಅಂಗಾದ್ರೆ ಒಳ್ಳೇ ಜನ ಕಣ್ಲಾ" ಎಂದಳು ಅವ್ವ.