ಎದುರಿಗೆ ಕುಡಿದ ನೀರು

ನನ್ನ ಗಂಡ ದಿನಕ್ಕೆ ಎಷ್ಟು ನೀರು ಕುಡಿಯಬಹುದೆಂದು ಹೇಳುವವರು ಡಾಕ್ಟರು, ಅದಕ್ಕೆ ಕಾವಲು ಕೂರುವವಳು ನಾನು. ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರದಲ್ಲಿ ಮೂರು ದಿನ ಜಯಪುರದಿಂದ ಬಸ್ಸು ಹತ್ತಿ ಕೊಪ್ಪದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತೇವೆ. ಕುಡಿದ ನೀರಿಗೆ ಮೈಯಿಂದ ಹೊರಗೆ ಹೋಗಲು ದಾರಿಯಿಲ್ಲ. ಹೆಚ್ಚಾದರೆ ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಒಂದು ಸಣ್ಣ ಸ್ಟೀಲ್ ಚೊಂಬಿನಲ್ಲಿ ಅವರ ಆ ದಿನದ ನೀರನ್ನು ತುಂಬಿಸಿಡುತ್ತೇನೆ. ಕಾಫಿ ಕೊಟ್ಟರೆ ಚೊಂಬಿನಿಂದ ಅಷ್ಟು ನೀರು ತೆಗೆದು ಚೆಲ್ಲುತ್ತೇನೆ. ಅನ್ನಕ್ಕೆ ಮಜ್ಜಿಗೆ ಹಾಕಿದರೂ ಅದೇ ಲೆಕ್ಕ. ಬೇಸಿಗೆಯಲ್ಲೂ ಬಾವಿ ಬತ್ತದ ಊರಿನಲ್ಲಿ ಕೂತು ಗಂಡನ ಗುಟುಕು ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಶೃಂಗೇರಿ ಕಡೆಯ ದಾರಿಯಲ್ಲಿ ಅವರು ನೀರು ಕುಡಿಯದ ಮನೆಯೇ ಇರಲಿಲ್ಲ ಎಂದರೂ ನಡೆಯುತ್ತದೆ. ನಮ್ಮಲ್ಲಿ ಯಾರೇ ಬಂದರೂ ಮೊದಲು ಒಂದು ಚೊಂಬು ನೀರು, ಜೊತೆಗೆ ಒಂದು ಚೂರು ಬೆಲ್ಲ. ಮಿಕ್ಕ ಮಾತೆಲ್ಲ ಆಮೇಲೆ. ಕೊಟ್ಟ ನೀರನ್ನು ಮುಟ್ಟದೆ ಎದ್ದು ಹೋಗುವವರು ಆ ಮನೆಯ ಮೇಲೆ ಮುನಿಸಿಕೊಂಡವರು ಮಾತ್ರ.

ಕಾಯಿಲೆ ಶುರುವಾದ ಮೇಲೆ ನನ್ನ ಫೋನಿಗೆ ಒಳ್ಳೆಯ ಮಾತುಗಳ ಕಾಟ ಶುರುವಾಯಿತು. ಸೂರ್ಯ ಹುಟ್ಟುವ ಚಿತ್ರ, ಅದರ ಮೇಲೆ ‘ಇರುವುದಕ್ಕೆ ಕೃತಜ್ಞರಾಗಿರಿ, ಸಂತೋಷ ನಿಮ್ಮದೇ ಆಯ್ಕೆ’. ಕಳಿಸುವವರೆಲ್ಲ ಹೊತ್ತು ಹೊತ್ತಿಗೆ ಲೋಟ ತುಂಬಾ ಕಾಫಿ ಕುಡಿದು ಕಳಿಸುವವರು. ಒಮ್ಮೆ ಒಬ್ಬರಿಗೆ, ‘ನಾಳೆ ನಿಮ್ಮ ನೀರನ್ನೂ ನಾನೇ ಅಳೆದು ಕೊಡ್ತೀನಿ, ಕುಡಿದು ನೋಡಿ ಆಮೇಲೆ ಕಳಿಸಿ’ ಎಂದು ಬರೆದೆ. ಕಳಿಸಲು ಮನಸ್ಸಾಗದೆ ಅಳಿಸಿ ಹಾಕಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟು ಬೇಗ ಹೋಗುವುದಿಲ್ಲ.

ಅವರ ಎದುರು ನಾನೂ ನೀರು ಕುಡಿಯುವುದನ್ನು ಬಿಟ್ಟಿದ್ದೆ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರುತ್ತ ಕೂತವರ ಮುಂದೆ ಚೊಂಬು ಎತ್ತುವುದು ಹೇಗೆ? ಬಾಯಾರಿದರೆ ಅಡಿಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಗೋಡೆಯ ಕಡೆಗೆ ತಿರುಗಿ ಕುಡಿಯುತ್ತಿದ್ದೆ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಎಷ್ಟೇ ಸೆಕೆಯಾದರೂ ಬಾಯಾರಿಕೆ ತಡೆದುಕೊಂಡು ಕೂರುತ್ತಿದ್ದೆ. ಅವರಿಗೆ ಇದು ಗೊತ್ತಿಲ್ಲ ಎಂದುಕೊಂಡಿದ್ದೆ.

ಅವರಿಗೆ ಒಬ್ಬಳೇ ತಂಗಿ, ಅಡ್ಡಗದ್ದೆಯಲ್ಲಿ ಇದ್ದಾಳೆ. ಡಯಾಲಿಸಿಸ್ ಶುರುವಾದ ಹೊಸದರಲ್ಲಿ ಒಮ್ಮೆ ಅವಳ ಮನೆಗೆ ಹೋಗಿದ್ದೆವು. ಅವಳು ನೀರು ತಂದಿಟ್ಟಳು. ಅವತ್ತಿನ ಪಾಲು ಅಷ್ಟರಲ್ಲೇ ಮುಗಿದಿತ್ತು. ಇವರು ಚೊಂಬನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

“ಎಂತ ಅಣ್ಣಯ್ಯ, ನಮ್ಮನೆ ನೀರೂ ಬೇಡ್ವಾ ನಿಂಗೆ?” ಎಂದಳು ಅವಳು.

ನಾನು ಕಾಯಿಲೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. ಆದರೂ ಅಣ್ಣ ಮುಟ್ಟದ ಆ ನೀರನ್ನು ಒಳಗೆ ತೆಗೆದುಕೊಂಡು ಹೋಗುವಾಗ ಅವಳ ಕಣ್ಣು ತುಂಬಿತ್ತು. ಇವರು ಅದನ್ನು ನೋಡಿದರು.

ಅಲ್ಲಿಂದ ಮುಂದೆ ಅವರು ಯಾರ ಮನೆಗೂ ಹೋಗಲಿಲ್ಲ. ಮದುವೆ, ತಿಥಿ ಎಲ್ಲಕ್ಕೂ ನಾನೊಬ್ಬಳೇ. ನಮ್ಮಲ್ಲಿ ಒತ್ತಾಯ ಮಾಡುವುದೆಂದರೆ ಪ್ರೀತಿ. ‘ಒಂದು ಗುಟುಕು ಕುಡಿದ್ರೆ ಎಂತ ಆಗ್ತದೆ ಮಾರಾಯ’ ಎನ್ನುವವರಿಗೆ ಪ್ರತಿ ಸಲ ಕಿಡ್ನಿಯ ಕಥೆ ಹೇಳಿ ಇವರಿಗೆ ಸಾಕಾಗಿತ್ತು. ಬಸ್ಸಿನಲ್ಲಿಯೂ ಹಳೆಯ ಗುರುತಿನವರು ಹತ್ತಿದರೆ ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವರಂತೆ ಇರುತ್ತಿದ್ದರು.

ಈ ಬೇಸಿಗೆಯ ಒಂದು ಶುಕ್ರವಾರ ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡುತ್ತಲೇ ಹೇಳಿದರು: “ಇವತ್ತಿಗೆ ಸಾಕು. ಸೋಮವಾರದಿಂದ ನಾನು ಬರದಿಲ್ಲ.”

“ಎಲ್ಲಿಗೆ?”

“ಆಸ್ಪತ್ರೆಗೆ. ಯಾರ ಮನೆಗೂ ಹೋಗಕ್ಕಾಗದಿಲ್ಲ, ಯಾರ ಕೈಯ ನೀರೂ ಕುಡಿಯಕ್ಕಾಗದಿಲ್ಲ. ಹಿಂಗೆ ಇರೋದು ಎಂತಕ್ಕೆ?”

ಆಸ್ಪತ್ರೆ ಬಿಟ್ಟರೆ ಮುಂದೇನು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೆಚ್ಚು ದಿನ ಹಿಡಿಯುವುದಿಲ್ಲ. ನಾನು ಕೂಗಾಡಿದೆ. ‘ನಿಮಗೆ ನಿಮ್ಮದೇ ಆಯ್ತು, ನಾನು ಎಲ್ಲಿಗೆ ಹೋಗ್ಲಿ’ ಎಂದೆ. ಕೊನೆಗೆ ಹಿತ್ತಿಲಿಗೆ ಹೋಗಿ ಒಬ್ಬಳೇ ಅತ್ತೆ. ಶನಿವಾರ ತಂಗಿಗೆ ಫೋನು ಮಾಡಿ ವಿಷಯ ಹೇಳಿದೆ. ಅವಳು ಅಣ್ಣನಿಗೆ ಫೋನು ಕೊಡಲು ಹೇಳಿ, “ನೀನು ಎಂತನ್ನೂ ಕುಡಿಯದು ಬೇಡ ಅಣ್ಣಯ್ಯ. ಸುಮ್ನೆ ಬಂದು ಜಗಲಿ ಮೇಲೆ ಕೂತ್ಕಂಡು ಹೋಗು, ಸಾಕು” ಎಂದಳು. ಇವರು ಫೋನನ್ನು ನನ್ನ ಕೈಗೆ ಕೊಟ್ಟು ಹೊರಗಿನ ಬೆಂಚಿಗೆ ಹೋಗಿ ಕೂತರು.

ಭಾನುವಾರ ಬೆಳಿಗ್ಗೆ ಕಾಫಿ ಕೊಟ್ಟರೆ ಬೇಡ ಎಂದರು. ಈಗಿನಿಂದಲೇ ಎಲ್ಲವನ್ನೂ ಬಿಡಲು ಹೊರಟಿದ್ದಾರೆ ಎಂದುಕೊಂಡೆ. ಅವರು ತುಂಬಿದ ಚೊಂಬನ್ನು ತೋರಿಸಿ, “ಅದನ್ನ ಹಂಗೇ ಇಡು. ಇವತ್ತಿನ ನೀರು ನಾನು ಮುಟ್ಟದಿಲ್ಲ. ಅಷ್ಟನ್ನೂ ತಂಗಿ ಮನೇಲಿ ಕುಡೀತೀನಿ. ಹೊರಡು” ಎಂದರು.

ದಾರಿಯುದ್ದಕ್ಕೂ ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡಿದ್ದರು. ಬಸ್ಸಿಳಿದು ಆಟೋ ಹಿಡಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು, ಅವರ ತುಟಿ ಬಿಳಿಚಿಕೊಂಡಿತ್ತು. ವಾಪಸು ಹೋಗೋಣ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ ಎನ್ನುವಂತೆ ಆಟೋ ಹತ್ತಿದರು.

ತಂಗಿ ಬಾಗಿಲಲ್ಲೇ ನಿಂತಿದ್ದಳು, ಬರಿಗೈಯಲ್ಲಿ. ಪಾಪ, ಅಣ್ಣನಿಗೆ ಕಷ್ಟವಾಗಬಾರದೆಂದು ಆ ಮನೆಯಲ್ಲಿ ಅವತ್ತು ನೀರಿನ ಚೊಂಬು ಎಲ್ಲೂ ಕಣ್ಣಿಗೆ ಬೀಳದಂತೆ ಎತ್ತಿಟ್ಟಿದ್ದಳು. ಇವರು ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

“ಎಂತ ಮಾರಾಯ್ತಿ, ಬಂದೋರಿಗೆ ನೀರು ಕೊಡದಿಲ್ವಾ ನಿಮ್ಮನೇಲಿ?”

ಅವಳು ನನ್ನ ಮುಖ ನೋಡಿದಳು. ಕೊಡು ಎಂದು ತಲೆಯಾಡಿಸಿದೆ. ಅವಳು ಒಳಗೆ ಓಡಿದಳು. ನಾನೂ ಹಿಂದೆ ಹೋಗಿ, ನಮ್ಮ ಚೊಂಬಿನಷ್ಟೇ ಇರುವ ಚೊಂಬನ್ನು ಹುಡುಕಿ ಕೊಟ್ಟೆ.

ಅವರು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದರು. ಗಟಗಟ ಕುಡಿಯುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಒಂದು ಗುಟುಕು, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೊಂದು ಗುಟುಕು. ನಡುವೆ ತಂಗಿಯ ಹತ್ತಿರ ಮಕ್ಕಳ ವಿಷಯ, ಕೊಟ್ಟಿಗೆಯ ವಿಷಯ ಕೇಳಿದರು. ಜೊತೆಗೆ ತಂದಿಟ್ಟ ಬೆಲ್ಲವನ್ನು ಡಾಕ್ಟರು ಬೇಡವೆಂದಿದ್ದರಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ತಟ್ಟೆಯಲ್ಲೇ ಬಿಟ್ಟರು. ಚೊಂಬು ಖಾಲಿಯಾದಾಗ ಅದನ್ನು ಬೋರಲು ಹಾಕಿ ತೋರಿಸಿದರು. ತಂಗಿ ನಕ್ಕಳು, ನಗುತ್ತಲೇ ಅತ್ತಳು. ಅಷ್ಟು ತೃಪ್ತಿಯಿದ್ದ ಮುಖವನ್ನು ನಾನು ಅವರಲ್ಲಿ ಕಾಣದೆ ಬಹಳ ಕಾಲವಾಗಿತ್ತು.

ಅವಳು ಕಣ್ಣೊರೆಸಿಕೊಂಡು ಇನ್ನೊಂದು ಚೊಂಬು ನೀರು ತಂದಳು. “ಅತ್ತಿಗೆ, ನೀವೂ ಕುಡೀರಿ.”

“ನಂಗೆ ಬಾಯಾರಿಕೆ ಇಲ್ಲ” ಎಂದೆ. ಗಂಟಲು ಉರಿಯುತ್ತಿತ್ತು.

ಅವರು ನನ್ನ ಕಡೆ ತಿರುಗಿದರು. “ಸುಳ್ಳು ಹೇಳ್ಬೇಡ. ನೀನು ಅಡಿಗೆಮನೆ ಬಾಗಿಲು ಹಾಕ್ಕಂಡು ಕುಡಿಯದು ನಂಗೆ ಕೇಳ್ತದೆ. ಕಳ್ಳರ ಹಂಗೆ ಸದ್ದಾಗದಂಗೆ ಗಂಟಲು ಹಿಡ್ಕಂಡು ಕುಡೀತೀಯ. ಕೇಳಿ ಕೇಳಿ ಸಾಕಾಗ್ಯದೆ. ನನ್ನಿಂದ ನಿಂಗೂ ನೀರಿಲ್ಲ ಅಂದ್ರೆ ನಾನು ಇರೋದು ಹೆಂಗೆ? ನನ್ನ ಎದುರಿಗೆ ಕುಡಿ. ನೀನು ಹೊಟ್ಟೆ ತುಂಬ ಕುಡಿಯದನ್ನ ಒಂದ್ಸಲ ನೋಡ್ತೀನಿ.”

ನಾನು ಚೊಂಬು ಎತ್ತಿದೆ. ಮೊದಲ ಗುಟುಕನ್ನು ಅವರಿಗೆ ಕೇಳುವಂತೆ ಕುಡಿದೆ. ಆಮೇಲೆ ನಿಲ್ಲಿಸದೆ ಕುಡಿದೆ. ಸೆರಗು ಒದ್ದೆಯಾಯಿತು. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಸೋಮವಾರ ನಾನು ಏಳುವಷ್ಟರಲ್ಲಿ ಅವರು ಶರಟು ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. “ಬಸ್ಸು ತಪ್ಪಿದ್ರೆ ನನ್ನ ಬೈಬೇಡ” ಎಂದರು. ಇನ್ನೂ ಹೋಗಿ ಬರುತ್ತಿದ್ದೇವೆ. ಎಷ್ಟು ದಿನ ಎಂದು ಡಾಕ್ಟರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ನನಗೆ ಹೆದರಿಕೆ ಇದ್ದೇ ಇದೆ. ಅವರ ಉಸಿರಿನಲ್ಲಿ ಸ್ವಲ್ಪ ಏರುಪೇರಾದರೂ ಎದ್ದು ಕೂತು, ಕಾಲು ಊದಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಫೋನಿಗೆ ಸೂರ್ಯ ಹುಟ್ಟುವ ಚಿತ್ರ ಬಂದರೆ ಈಗಲೂ ಮೈ ಉರಿಯುತ್ತದೆ.

ಆದರೆ ಅಡಿಗೆಮನೆಯ ಬಾಗಿಲನ್ನು ಮುಚ್ಚುವುದಿಲ್ಲ. ಆಸ್ಪತ್ರೆಯಿಂದ ಬಂದು ಅವರು ಕುರ್ಚಿಗೆ ಒರಗಿದ ಮೇಲೆ, ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಅವರ ಎದುರಿಗೇ ನಿಂತು ಚೊಂಬು ತುಂಬ ಕುಡಿಯುತ್ತೇನೆ. ಅವರ ಗಂಟಲೂ ನನ್ನ ಗಂಟಲಿನ ಜೊತೆ ಅಲ್ಲಾಡುತ್ತದೆ.

“ತಣ್ಣಗಿತ್ತಾ?” ಎಂದು ಕೇಳುತ್ತಾರೆ.

“ತಣ್ಣಗಿತ್ತು” ಎನ್ನುತ್ತೇನೆ.